ಮೀನು ತಂದು ಬಿಟ್ಟ ಮೇಲೆ ರಿಸ್ಕ್ ಅಸೆಸ್‌ಮೆಂಟ್ ಯಾಕ್ರೀ?

ಸಾಕಾಗಿದೆ ನಂಗೆ. ಹೊರಗಿನ ಮೀನು ಸಾಕೋಕೆ ಮುಂಚೆ, ಅದು ತಪ್ಪಿಸ್ಕೊಂಡು ಹೊಳೆ ಸೇರಿದ್ರೆ ಏನಾಗುತ್ತೆ ಅಂತ ನೋಡೋದು ನನ್ನ ಕೆಲಸ, ಆದ್ರೆ ಫೈಲ್ ನನ್ನ ಟೇಬಲ್‌ಗೆ ಬರೋ ಹೊತ್ತಿಗೆ ತಿಲಾಪಿಯಾ ಮರಿ ಆಗಲೇ ಕೊಳದಲ್ಲಿ ಓಡಾಡ್ಕೊಂಡಿರುತ್ತೆ, ಮೇಲಿಂದ "ಬೇಗ ಲೋ ರಿಸ್ಕ್ ಅಂತ ಬರ್ಕೊಡಿ ಮೇಡಂ" ಅಂತ ಫೋನ್ ಮೇಲೆ ಫೋನ್.

ಹೊರಗಿನ ಮೀನು ಹರಡಿ ಹಾವಳಿ ಮಾಡೋ ಅಪಾಯ ಎಷ್ಟು ಅಂತ ಅಳೆಯೋಕೆ ಎಎಸ್-ಐಎಸ್‌ಕೆ ಅಂತ ಸ್ಕ್ರೀನಿಂಗ್ ಟೂಲ್ ಇದೆ, ಒಟ್ಟು 55 ಪ್ರಶ್ನೆ. 49 ಮೀನಿನ ಹಿನ್ನೆಲೆ, ಗುಣ, ಹರಡೋ ರೀತಿ ಬಗ್ಗೆ, ಉಳಿದ 6 ಹವಾಮಾನ ಬದಲಾದ್ರೆ ಏನಾಗುತ್ತೆ ಅಂತ. ಪ್ರತಿ ಉತ್ತರಕ್ಕೂ ಕಾರಣ ಬರೀಬೇಕು, ಎಷ್ಟು ಖಾತ್ರಿ ಅಂತಾನೂ ಹೇಳ್ಬೇಕು. ಮೀನು ತಂದು ಬಿಟ್ಟೋರು ತುಂಬಿ ಕಳ್ಸೋ ಶೀಟಲ್ಲಿ ಕಾರಣದ ಕಾಲಮ್ ಖಾಲಿ! "ಈ ಹೊಳೇಲಿ ಇದುವರೆಗೂ ಕಂಡಿಲ್ಲ, ತೊಂದ್ರೆ ಇಲ್ಲ" ಅಂತೆ. ಬಲೆ ಹಾಕಿ ಹುಡುಕಿದ್ದು ಯಾರು? ಮಾಹಿತಿ ಇಲ್ಲ ಅಂದ್ರೆ ಅಪಾಯನೂ ಇಲ್ಲ ಅನ್ನೋದು ಯಾವೂರ ಲೆಕ್ಕ? "ಚಳೀಗೆ ಸತ್ತೋಗುತ್ತೆ ಬಿಡಿ" ಅಂತಾರೆ, ನೀರು ಬಿಸಿ ಆಗ್ತಿರೋದು ಗೊತ್ತಿಲ್ವಾ?

ಮೈ ಉರಿಯೋದು "ಎಲ್ಲಾ ಗಂಡು ಮರಿನೇ ಬಿಟ್ಟಿರೋದು, ಸಂತಾನ ಬೆಳೆಯಲ್ಲ" ಅನ್ನೋ ಮಾತಿಗೆ. ಹಾರ್ಮೋನ್ ಬೆರೆಸಿದ ಫೀಡ್ ಹಾಕಿ ಗಂಡು ಮಾಡ್ತಾರೆ ಸರಿ, ಆದ್ರೆ ನೂರಕ್ಕೆ ನೂರು ಆಗುತ್ತೆ ಅನ್ನೋ ಗ್ಯಾರಂಟಿ ಇಲ್ಲ, ಒಂದಷ್ಟು ಹೆಣ್ಣು ಉಳ್ಕೊಳ್ಳುತ್ತೆ. ನೈಲ್ ತಿಲಾಪಿಯಾ ಹೆಣ್ಣು ಮೊಟ್ಟೆನ ಬಾಯೊಳಗೇ ಇಟ್ಕೊಂಡು ಕಾಯುತ್ತೆ, ಮರಿ ಆಚೆ ಬಂದ್ಮೇಲೂ ಸ್ವಲ್ಪ ಭಯ ಆದ್ರೆ ಸಾಕು, ಎಲ್ಲಾ ವಾಪಸ್ ಅಮ್ಮನ ಬಾಯಿಗೇ ನುಗ್ತಾವೆ. ಅಂಥದ್ದೊಂದು ಹೆಣ್ಣು ಜೋರು ಮಳೇಲಿ ಕೊಳದ ಏರಿ ಒಡೆದಾಗ ಆಚೆ ಹೋದ್ರೆ ಒಂದು ಸಂಸಾರನೇ ಹೋದಂಗೆ, ಆ ಮರಿಗಳೂ ಕೆಲವೇ ತಿಂಗಳಲ್ಲಿ ಮೊಟ್ಟೆ ಇಡೋಕೆ ರೆಡಿ. ನೀರು ಆಚೆ ಹೋಗೋ ಪೈಪಿಗೆ ಕಟ್ಟಿದ್ದ ಜಾಲರಿ ನಾನೇ ಹೋಗಿ ನೋಡ್ದೆ, ಹರಿದು ಎರಡು ಬೆರಳು ಆಚೆ ಬರೋಷ್ಟು ತೂತು. ಶೀಟಲ್ಲಿ ಮಾತ್ರ "ಸೂಕ್ತ ತಡೆ ಇದೆ".

1970ರ ದಶಕದಲ್ಲಿ ಅಮೆರಿಕಕ್ಕೆ ಸಿಲ್ವರ್ ಕಾರ್ಪ್, ಬಿಗ್‌ಹೆಡ್ ಕಾರ್ಪ್ ತಂದಿದ್ದೂ ಕೊಳದ ನೀರು ಕ್ಲೀನ್ ಆಗ್ಲಿ ಅಂತಾನೇ. ತಪ್ಪಿಸ್ಕೊಂಡು ಮಿಸಿಸಿಪ್ಪಿ, ಅದಕ್ಕೆ ಸೇರೋ ನದಿಗಳಲ್ಲೆಲ್ಲ ಹಬ್ಬಿದ್ವು, ಈಗ ಗ್ರೇಟ್ ಲೇಕ್ಸ್ ಅನ್ನೋ ದೊಡ್ಡ ಸರೋವರಗಳಿಗೆ ನುಗ್ಗದಂಗೆ ಚಿಕಾಗೋ ಹತ್ರ ಕಾಲುವೇಲಿ ಕರೆಂಟ್ ಬೇಲಿ ಹಾಕ್ಕೊಂಡು ಕಾಯ್ತಿದಾರೆ. ಒಂದ್ಸಲ ಹೊಳೇಲಿ ಬೇರೂರಿದ ಮೀನನ್ನ ಪೂರ್ತಿ ಹಿಡಿದು ತೆಗೆಯೋದು ಹೆಚ್ಚುಕಮ್ಮಿ ಆಗದ ಮಾತು, ಇದು ಗೊತ್ತಿದ್ದೂ ಅವಸರ ಮಾಡ್ತಾರಲ್ಲ, ಅದಕ್ಕೇ ಸಿಟ್ಟು.

ಇವತ್ತು ಬಂದ ಶೀಟ್ ವಾಪಸ್ ಕಳ್ಸಿದೀನಿ. ಕಾರಣದ ಕಾಲಮ್ ತುಂಬಿ, ಜಾಲರಿ ಬದಲಾಯಿಸಿ, ಆಮೇಲೆ ತನ್ನಿ. ಅಲ್ಲಿವರೆಗೂ ಯಾರ ಕೈಲಿ ಫೋನ್ ಮಾಡ್ಸಿದ್ರೂ ನಾನು ಸಹಿ ಹಾಕಲ್ಲ.