ಅನ್‌ಲಿಮಿಟೆಡ್ ಅಂತೆ, ಅನ್‌ಲಿಮಿಟೆಡ್ಡು!

ಇಂಟರ್ನೆಟ್ ಕಂಪ್ನಿ ಕಸ್ಟಮರ್ ಕೇರ್ ಹುಡುಗ ಫೋನ್ ಇಟ್ಟು ಹನ್ನೆರಡು ಗಂಟೆ ಆಯ್ತು, ನನ್ನ ಕಿವಿ ಬಿಸಿ ಇನ್ನೂ ಇಳಿದಿಲ್ಲ. "ಮನೇಲಿ ಏನ್ ಸಾರ್ ಅಷ್ಟೊಂದ್ ನೋಡ್ತೀರಾ?" ಅಂತ ಕೇಳ್ತಾನಲ್ರೀ, ಸ್ಪೀಕರಲ್ಲಿ, ಅತ್ತೆ ಮಾವನ ಮುಂದೆ!

ಸ್ಪೀಕರ್‌ಗೆ ಹಾಕಿದ್ದು ನಾನೇ ಬಿಡಿ. ಹೇಗೆ ಜಾಡಿಸ್ತೀನಿ ಎಲ್ಲಾರೂ ಕೇಳ್ಲಿ ಅಂತ. ಮಾವ ಹಾಸನದಿಂದ ಬಂದಿದ್ರು, ಹೊಸ ಟೀವಿ, 4ಕೆ, ಹಾಕಿ ನೋಡಣ ಅಂದ್ರು, ಹಾಕ್ದೆ. ಹತ್ತು ನಿಮಿಷ ಹೀರೋ ಗಡ್ಡದ ಒಂದೊಂದು ಕೂದಲೂ ಎಣಿಸ್ಬೋದಿತ್ತು. ಆಮೇಲೆ ಮುಖ ಗಂಟು ಕಟ್ಟಿದ ಮುದ್ದೆ ಥರ ಆಯ್ತು. ಆಮೇಲೆ ಚಕ್ರ. ಬರೀ ಚಕ್ರ.

"ಸಾರ್ ನಿಮ್ದು ಎಫ್‌ಯುಪಿ, ಅಂದ್ರೆ ತಿಂಗಳಿಗೆ ಫುಲ್ ಸ್ಪೀಡಲ್ಲಿ ಬಳಸೋ ಮಿತಿ, ಮುಗ್ದಿದೆ, 600 ಜಿಬಿ, ಇನ್ನು ಒಂದನೇ ತಾರೀಖಿನ ತನಕ 2 ಎಂಬಿಪಿಎಸ್ ಸ್ಪೀಡೇ." ಪ್ಲ್ಯಾನ್ ಹೆಸರೇ ಅನ್‌ಲಿಮಿಟೆಡ್ ಅಲ್ವೇನಪ್ಪ ಅಂದೆ. "ಅನ್‌ಲಿಮಿಟೆಡ್ಡೇ ಸಾರ್, ನೆಟ್ ಕಟ್ ಆಗಲ್ಲ, ಸ್ಪೀಡ್ ಮಾತ್ರ ಕಮ್ಮಿ." 23ನೇ ತಾರೀಖಿಗೇ ಹೇಗಯ್ಯ ಮುಗಿಯುತ್ತೆ ಅಂತ ಕೂಗಾಡ್ದೆ, ಆಗ ಬಂತು ಆ ಮಾತು. ಅತ್ತೆ ಸೆರಗು ಬಾಯಿಗಿಟ್ಕೊಂಡ್ರು. ಮಾವ ಫ್ಯಾನ್ ನೋಡ್ತಾ ಕೂತ್ರು. ನಾನು ಮಾನ ಉಳಿಸ್ಕೊಳ್ಳೋಕೆ "ಅದು, ಮಗಳ ಆನ್‌ಲೈನ್ ಕ್ಲಾಸು..." ಅಂದೆ. ಅಲ್ಲೇ ಕೂತಿದ್ದ ಮಗಳು, "ನಂಗ್ಯಾವ ಆನ್‌ಲೈನ್ ಕ್ಲಾಸಪ್ಪ?" ಅಂದ್ಲು. ಆ ಕಡೆ ಅವನು ಕಿಸಕ್ ಅಂದಿದ್ದು ಕೇಳಿಸ್ತು.

ರಾತ್ರಿ ನಿದ್ದೆ ಬರ್ದೆ ಲೆಕ್ಕ ಹಾಕ್ದೆ. 4ಕೆ ಅಂದ್ರೆ ನೆಟ್‌ಫ್ಲಿಕ್ಸ್‌ನವ್ರೇ ಹೇಳೋ ಹಾಗೆ ಗಂಟೆಗೆ 7 ಜಿಬಿ ತನಕ. 600 ಜಿಬಿ ಅಂದ್ರೆ 85 ಗಂಟೆ, ಅಂದ್ರೆ ದಿನಕ್ಕೆ ಮೂರು ಗಂಟೆನೂ ಇಲ್ಲ. ಈ ಮನೇಲಿ ಟೀವಿ ಹಾಕ್ಕೊಂಡು ಸೋಫಾ ಮೇಲೆ ಗೊರಕೆ ಹೊಡೆಯೋರು ಯಾರು? ನಾನೇ. ಇಡೀ ತಿಂಗಳು ಕಣ್ಮುಚ್ಕೊಂಡು 4ಕೆ ನೋಡಿದೀನಿ!

ಸರಿ, ತಪ್ಪು ನಂದೇ, ಬಿಡಿ. ಅಲ್ಲ, ಯಾಕ್ರೀ ಬಿಡ್ಬೇಕು? 4ಕೆಗೆ 15 ಎಂಬಿಪಿಎಸ್ ಬೇಕು, ಅದಕ್ಕಿಂತ ಕಮ್ಮಿ ಕ್ವಾಲಿಟಿ 1080ಪಿಗೆ 5, ಇನ್ನೂ ಕಮ್ಮಿ 720ಪಿಗೂ 3 ಬೇಕಂತೆ, ಇವ್ರು ಬಿಡೋದು 2. ಮುಂಚೆ 512 ಕೆಬಿಪಿಎಸ್ ಇದ್ರೂ ಬ್ರಾಡ್‌ಬ್ಯಾಂಡ್ ಅಂತಿದ್ರು, 2023ರಲ್ಲಿ ಸರ್ಕಾರ ಅದನ್ನ ಕನಿಷ್ಠ 2 ಎಂಬಿಪಿಎಸ್‌ಗೆ ಏರಿಸ್ತು, ಇವ್ರು ಕರೆಕ್ಟಾಗಿ ಅದೇ ಗೆರೆ ಮೇಲೆ ತಂದು ನಿಲ್ಸಿದಾರೆ. ವಾಟ್ಸಾಪ್ ಹೋಗ್ತಿದೆಯಲ್ಲ ಸಾರ್, ನೆಟ್ ಬರ್ತಿದೆ ಸಾರ್ ಅಂತೆ. ಪಾಂಪ್ಲೆಟ್‌ನಲ್ಲಿ 100 ಎಂಬಿಪಿಎಸ್ ಅನ್ನೋದು ಆನೆ ಗಾತ್ರ, ಈ 600 ಎಲ್ಲಿತ್ತು? ಸ್ಟಾರ್ ಹಾಕಿ ಕೆಳಗೆ, ಇರುವೆ ಸಾಲಿನ ಥರ. ಯಾರಾದ್ರೂ ಉತ್ತರ ಕೊಡ್ರಪ್ಪ, ಯಾರಾದ್ರೂ! ಫುಲ್ ಮೀಲ್ಸ್ ಅಂತ ಕೂರಿಸಿ, ಎರಡನೇ ಸಲ ಅನ್ನ ಕೇಳಿದ್ರೆ ಒಂದೊಂದೇ ಅಗುಳು ಬಡಿಸಿದ್ರೆ ಸುಮ್ನಿರ್ತೀರಾ?

ಮತ್ತೆ ದುಡ್ಡು ಕೊಟ್ಟು ಎಕ್ಸ್‌ಟ್ರಾ ಡೇಟಾ ತಗೊಳ್ಳೋ ಟಾಪ್‌ಅಪ್ ಮಾತ್ರ ಹಾಕಿಸಲ್ಲ, ಸತ್ರೂ ಹಾಕಿಸಲ್ಲ. ಸಂಜೆ ನೋಡೋಣ.

ಇದನ್ನ ಟೈಪ್ ಮಾಡ್ತಾ ಇದ್ದಾಗ್ಲೇ ಮಾವ ಕಾಫಿ ಲೋಟ ಹಿಡ್ಕೊಂಡು ಬಂದು ಪಕ್ಕದಲ್ಲಿ ಕೂತ್ರು. ಮೆತ್ತಗೆ ಕೇಳಿದ್ರು, "ಅಳಿಯಂದ್ರೇ, ಚಕ್ರ ಇನ್ನೂ ಸುತ್ತುತಾನೇ ಇದ್ಯಾ?"