ಡಾಕ್ಟರ್ ಓಡಿಸಿದ ಕಾರು

ಬೆಂಗಳೂರಿನಲ್ಲಿ ಡಾಕ್ಟರ್‌ಗಳು ಸಿಗುವುದಿಲ್ಲ ಅಂತ ಯಾರಾದರೂ ಗೊಣಗಿದರೆ ನಂಬಬೇಡಿ. ಆಸ್ಪತ್ರೆಯಲ್ಲಿ ಟೋಕನ್ ಹಿಡಿದು ಎರಡು ಗಂಟೆ ಕೂತರೂ ಸಿಗದಿರಬಹುದು. ಸೆಕೆಂಡ್ ಹ್ಯಾಂಡ್ ಕಾರಿನ ಯಾರ್ಡಿಗೆ ಹೋಗಿ ನೋಡಿ, ಕಾರಿಗೊಬ್ಬರು ಡಾಕ್ಟರ್ ಇದ್ದಾರೆ.

ನನ್ನ ಬಜೆಟ್ ನಾಲ್ಕು ಲಕ್ಷ. ಮನೆಯಲ್ಲಿ ಐದು ಜನ. ಅಮ್ಮನಿಗೆ ಮಂಡಿ ನೋವು, ಕೂತು ಏಳೋಕೆ ಎತ್ತರದ ಸೀಟೇ ಆಗಬೇಕು. ಹಾಗಾಗಿ ವ್ಯಾಗನಾರ್ ಅಂತ ತೀರ್ಮಾನವಾಯಿತು. ಮೂರು ಭಾನುವಾರ ಅಲೆದು ಏಳು ಕಾರು ನೋಡಿದೆ. ನಾಲ್ಕು ಡಾಕ್ಟರ್‌ದು, ಎರಡು ಬ್ಯಾಂಕ್ ಮ್ಯಾನೇಜರ್‌ದು, ಒಂದನ್ನು ಯಾರೋ ಮೇಡಂ ಬರೀ ದೇವಸ್ಥಾನಕ್ಕೆ ತೆಗೆಯುತ್ತಿದ್ದರಂತೆ. ಇಷ್ಟು ದೊಡ್ಡ ಊರಿನಲ್ಲಿ ಕಾರನ್ನು ದಿನಾ ಆಫೀಸಿಗೆ ಓಡಿಸಿದವರು ಒಬ್ಬರೂ ಇಲ್ಲ. ಹಾಗಾದರೆ ಸಿಲ್ಕ್ ಬೋರ್ಡಿನಲ್ಲಿ ಹಾರ್ನ್ ಹೊಡೆದುಕೊಂಡು ನಿಂತಿರುವವರು ಯಾರು?

ದೇವಸ್ಥಾನದ ಕಾರಿನ ಸೀಟ್ ಬೆಲ್ಟನ್ನು ನಮ್ಮ ಮೆಕ್ಯಾನಿಕ್ ಕೊನೆಯವರೆಗೂ ಎಳೆದ. ಒಳಗಿನ ತುದಿಯಲ್ಲಿ ಕೆಸರಿನ ಗೆರೆ. 2022ರ ಸೆಪ್ಟೆಂಬರಿನಲ್ಲಿ ಔಟರ್ ರಿಂಗ್ ರೋಡ್ ಕೆರೆಯಾಗಿತ್ತಲ್ಲ, ಆಗ ಪುಣ್ಯಸ್ನಾನ ಮಾಡಿರಬೇಕು.

ಕೊನೆಗೆ ಮನಸ್ಸಿಗೆ ಹಿಡಿಸಿದ್ದು 2016ರ ಒಂದು ಬಿಳಿ ಕಾರು. ಮೀಟರಿನಲ್ಲಿ 38,412 ಕಿಲೋಮೀಟರ್.

"ಜೆನ್ಯೂನ್ ಮೀಟರ್ ಸಾರ್. ಸಿಂಗಲ್ ಓನರ್. ಡಾಕ್ಟರ್," ಎಂದರು ಬ್ರೋಕರ್. ಮೂರೂ ಮಾತನ್ನು ಮಂತ್ರದ ಹಾಗೆ ಒಂದೇ ಉಸಿರಲ್ಲಿ.

ಮೆಕ್ಯಾನಿಕ್ ಮೀಟರಿನ ಕಡೆ ತಿರುಗಿಯೂ ನೋಡಲಿಲ್ಲ. ಬಾಗಿಲು ತೆಗೆದು ಕುಕ್ಕರಗಾಲಲ್ಲಿ ಕೂತು ಪೆಡಲ್ ಮೇಲೆ ಟಾರ್ಚ್ ಬಿಟ್ಟ. ಕ್ಲಚ್ಚಿನ ರಬ್ಬರ್ ಸವೆದು ಹಳೇ ಹವಾಯಿ ಚಪ್ಪಲಿಯ ಹಿಮ್ಮಡಿಯಂತಾಗಿತ್ತು. ಒಂದು ಗೆರೆಯೂ ಉಳಿದಿರಲಿಲ್ಲ.

"ಡಾಕ್ಟರು ಕಾರು ನಿಲ್ಲಿಸಿಕೊಂಡು ಸುಮ್ನೆ ಕ್ಲಚ್ ತುಳೀತಾ ಕೂತಿರ್ತಿದ್ರಾ ಅಣ್ಣಾ?" ಅಂತ ಕೇಳಿದ. ಬ್ರೋಕರ್ ಆಕಾಶ ನೋಡಿದರು.

ಬಾನೆಟ್ ಎತ್ತಿದರೆ ಒಳಗೊಂದು ಸ್ಟಿಕ್ಕರ್. ಆಯಿಲ್ ಬದಲಾಯಿಸಿದ ಯಾವನೋ ಹುಡುಗ ಬಾಲ್ ಪೆನ್ನಿನಲ್ಲಿ ಬರೆದಿದ್ದ: ಮುಂದಿನ ಸರ್ವೀಸ್ 1,20,000. ಮೀಟರ್ ತಿರುಗಿಸುವವನಿಗೆ ಹೊಳೆದದ್ದು ಸ್ಟಿಕ್ಕರ್ ಕೀಳುವವನಿಗೆ ಹೊಳೆದಿರಲಿಲ್ಲ ಪಾಪ. "ಅದು ಬೇರೆ ಕಾರಿಂದು ಸಾರ್, ಹುಡುಗ ಇದಕ್ಕೆ ಅಂಟಿಸಿಬಿಟ್ಟಿದ್ದಾನೆ," ಎಂದರು ಬ್ರೋಕರ್, ಕಣ್ಣು ಕೂಡ ಮಿಟುಕಿಸದೆ.

ಗಾಡಿ ನಂಬರ್ ಹಾಕಿ ಟ್ರಾಫಿಕ್ ದಂಡ ನೋಡಿದೆ. ಹತ್ತೊಂಬತ್ತು ಕೇಸ್! ಹೆಬ್ಬಾಳ, ಕೆ.ಆರ್. ಪುರ, ಮತ್ತೆ ಹೆಬ್ಬಾಳ. ಸಿಗ್ನಲ್ ಜಂಪ್, ರಾಂಗ್ ಪಾರ್ಕಿಂಗ್, ಒನ್ ವೇ. ಜಾತಕದಲ್ಲೂ ಇಷ್ಟು ವಿವರ ಸಿಗಲ್ಲ. "ಇದನ್ನ ಯಾರು ಕಟ್ಟೋದು?" ಅಂದೆ.

"ಈಗ್ಯಾಕೆ ಕಟ್ತೀರಾ ಸಾರ್? 2023ರಲ್ಲಿ ಅರ್ಧಕ್ಕರ್ಧ ಬಿಟ್ಟರು. 2025ರಲ್ಲೂ ಬಿಟ್ಟರು. ಮತ್ತೆ ಬಿಡ್ತಾರೆ, ಕಾಯಿರಿ." ದಂಡವನ್ನೂ ಆಷಾಢ ಸೇಲಿನಲ್ಲಿ ಕೊಳ್ಳಬಹುದು ಅಂತ ನನಗೆ ಹೊಳೆದಿರಲಿಲ್ಲ ನೋಡಿ.

ಒಂದು ವಿಷಯದಲ್ಲಿ ಮಾತ್ರ ಬ್ರೋಕರ್ ಸತ್ಯ ಹರಿಶ್ಚಂದ್ರ. ಆರ್‌ಸಿಯಲ್ಲಿ ಇದ್ದದ್ದು ಒಂದೇ ಹೆಸರು. ಹೇಗೆ ಅಂತೀರಾ? ಡ್ರಾಯರಿನಿಂದ ಗಾಡಿ ಹೆಸರು ಬದಲಾಯಿಸುವ ಫಾರಂ 29, ಫಾರಂ 30 ಹೊರಗೆ ಬಂದವು. ಮಾರುವವರ ಸಹಿ ಇದೆ. ಕೊಳ್ಳುವವರ ಜಾಗ ಖಾಲಿ. ತಾರೀಕೂ ಖಾಲಿ. ಕಾಗದದ ಅಂಚು ಹಪ್ಪಳದಂತೆ ಸುರುಳಿ ಸುತ್ತಿತ್ತು. ಮಾರಿದ 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು ಅಂತ ಕಾನೂನು ಇದೆ. ಆದರೆ ನಡುವೆ ಕಾರು ಇಟ್ಟುಕೊಂಡ ಮೂವರೂ ಯಾಕೆ ಖರ್ಚು ಅಂತ ಹೆಸರೇ ಹಾಕಿಸಲಿಲ್ಲ. ಹೀಗೆ ನಾಲ್ಕು ಕೈ ದಾಟಿಯೂ ಕಾರು ಪತಿವ್ರತೆಯಾಗಿಯೇ ಉಳಿಯಿತು.

ಆ ಮೊದಲ ಓನರ್ ಎಲ್ಲೋ ನೆಮ್ಮದಿಯಾಗಿ ನಿದ್ದೆ ಮಾಡುತ್ತಿರಬಹುದು. 2018ರಲ್ಲಿ ಸುಪ್ರೀಂ ಕೋರ್ಟ್ ಇಂಥದ್ದೇ ಒಂದು ಕೇಸಿನಲ್ಲಿ ಹೇಳಿದೆ: ಕಾರು ಕೈಯಿಂದ ಕೈಗೆ ಎಷ್ಟೇ ದಾಟಿರಲಿ, ಅಪಘಾತವಾದರೆ ಪರಿಹಾರದ ಹೊಣೆ ಆರ್‌ಸಿಯಲ್ಲಿ ಹೆಸರಿದ್ದವರದ್ದೇ. ಅಂದರೆ ನಾಳೆ ನಾನು ಈ ಕಾರನ್ನು ಯಾರಿಗಾದರೂ ಗುದ್ದಿದರೆ ನೋಟಿಸ್ ಹೋಗುವುದು ಡಾಕ್ಟರ್ ಮನೆಗೆ. ಅಷ್ಟರ ಮಟ್ಟಿಗೆ ಇದು ನಿಜಕ್ಕೂ ಡಾಕ್ಟರ್ ಕಾರು.

ಎದ್ದು ಹೊರಟೆ. ಗೇಟಿನ ಹತ್ತಿರ ಬ್ರೋಕರ್ ಹಿಂದೆಯೇ ಬಂದರು. ನನ್ನ ಹಳೇ ಆಲ್ಟೋವನ್ನು ಒಂದು ಸುತ್ತು ಬಂದು ಡಿಕ್ಕಿ ತಟ್ಟಿ ನೋಡಿದರು.

"ಇದನ್ನ ಕೊಡ್ತೀರಾ ಸಾರ್? ಯಾರ ಹೆಸರಲ್ಲಿದೆ?"

"ನನ್ನ ಹೆಂಡತಿ ಹೆಸರಲ್ಲಿ. ಅವಳು ಓಡಿಸಲ್ಲ, ನಾನೇ ಓಡಿಸೋದು."

"ಮೇಡಂ ಏನು ಮಾಡ್ಕೊಂಡಿದ್ದಾರೆ?"

"ಕಾಲೇಜಲ್ಲಿ ಪಾಠ ಮಾಡ್ತಾಳೆ. ಹಳಗನ್ನಡದಲ್ಲಿ ಪಿಎಚ್‌ಡಿ ಆಗಿದೆ."

ಬ್ರೋಕರ್ ಮುಖ ದೀಪಾವಳಿಯಾಯಿತು. "ಅಯ್ಯೋ, ಮೊದಲೇ ಹೇಳೋದಲ್ವಾ ಸಾರ್!"