ಅಳಿಯಸಂತಾನದ ‘ಅಳಿಯ’ ಯಾರು?

“ತುಳುನಾಡಿನಲ್ಲಿ ಆಸ್ತಿ ಮಗಳ ಗಂಡನಿಗೆ ಹೋಗುತ್ತಿತ್ತು, ಮನೆಯಲ್ಲಿ ಹೆಂಗಸರದ್ದೇ ರಾಜ್ಯಭಾರ” ಎಂಬ ವಾಟ್ಸ್‌ಆ್ಯಪ್ ಸಂದೇಶ ಆಗಾಗ ಬರುತ್ತದೆ. ಎರಡೂ ಮಾತು ತಪ್ಪು.

ಎಡವಟ್ಟು ಶುರುವಾಗುವುದು ಪದದಿಂದಲೇ. ವಂಶ, ಆಸ್ತಿ ತಾಯಿಯ ಕಡೆಯಿಂದ ಸಾಗುವ ತುಳುನಾಡಿನ ಕಟ್ಟಳೆಯೇ ಅಳಿಯಸಂತಾನ. ಇಲ್ಲಿ ಅಳಿಯ ಎಂದರೆ ಸೋದರಳಿಯ, ಅಂದರೆ ಅಕ್ಕತಂಗಿಯರ ಮಗ. ಬಂಟರು, ಬಿಲ್ಲವರು, ಮೊಗವೀರರು ಮುಂತಾದವರಲ್ಲಿ ವಂಶ ತಾಯಿಯಿಂದ ಎಣಿಕೆಯಾಗುತ್ತಿತ್ತು. ಮದುವೆ ಮಾತುಕತೆಯಲ್ಲಿ ವಿಚಾರಿಸುವ ‘ಬಳಿ’, ಅಂದರೆ ಕುಲದ ಹೆಸರು, ಇಂದಿಗೂ ತಾಯಿಯದ್ದೇ. ಆಸ್ತಿ ಒಬ್ಬರದ್ದಲ್ಲ, ಇಡೀ ಕುಟುಂಬದ್ದು. ಮಗಳ ಗಂಡನಿಗೆ ಅದರಲ್ಲಿ ಪಾಲಿಲ್ಲ, ಅವನ ಪಾಲು ಅವನ ತಾಯಿಯ ಮನೆಯಲ್ಲಿ.

ಹಾಗಾದರೆ ಹೆಣ್ಣಿನ ಆಳ್ವಿಕೆಯೇ? ಹಿರಿಯ ಹೆಂಗಸು ಯಜಮಾನಿಕೆ ನಡೆಸಲು ಅಡ್ಡಿಯಿರಲಿಲ್ಲ, ನಡೆಸಿದವರೂ ಇದ್ದರು. ಆದರೆ ಸಾಮಾನ್ಯವಾಗಿ ಗೇಣಿಯ ಲೆಕ್ಕ, ಕೋರ್ಟು ಕಚೇರಿಯ ಓಡಾಟ ಸೋದರಮಾವನ ಕೈಯಲ್ಲಿತ್ತು. ಅಕ್ಕಿಮುಡಿ (ಬೈಹುಲ್ಲಿನಲ್ಲಿ ಕಟ್ಟಿಟ್ಟ ಅಕ್ಕಿ) ಯಾರಿಗೆ ಎಷ್ಟು ಎಂದು ಹೇಳುವವನೂ ಹೆಚ್ಚಾಗಿ ಅವನೇ. ವಂಶ ತಾಯಿಯದ್ದಾದ ಮಾತ್ರಕ್ಕೆ ಅಧಿಕಾರವೂ ಅವಳದ್ದಾಗುವುದಿಲ್ಲ. ಸಂದೇಶ ಬರೆದವರು ಇವೆರಡನ್ನೂ ಒಂದೇ ಮಾಡಿಬಿಟ್ಟಿದ್ದಾರೆ.

ಹೆಣ್ಣಿಗೆ ಸಿಕ್ಕಿದ್ದು ಬೇರೆ ಬಗೆಯ ಬಲ. ಗಂಡ ತೀರಿಕೊಂಡರೆ ಮಕ್ಕಳೊಂದಿಗೆ ತಾಯಿಮನೆಗೆ ಮರಳುವುದು ಅವಳ ಹಕ್ಕಾಗಿತ್ತು, ಅಣ್ಣಂದಿರ ಉಪಕಾರವಲ್ಲ. ಆ ಕಾಲದಲ್ಲಿ ಇದು ಸಣ್ಣ ಮಾತೇನಲ್ಲ.

1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ‘ಕವರು’ಗಳಿಗೆ, ಅಂದರೆ ಒಬ್ಬ ತಾಯಿಯ ಕವಲುಗಳಿಗೆ, ಆಸ್ತಿ ಪಾಲು ಕೇಳುವ ಹಕ್ಕು ಕೊಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ನಂತರ ತಂದೆಯ ಪಾಲು ಅವನ ಸ್ವಂತ ಮಕ್ಕಳಿಗೂ ಬರತೊಡಗಿತು.